ಕುಂದಾಪುರದ ಮಳೆಗಾಲದಲ್ಲಿ ಒಣ ಗಾಳಿ: ಕ್ಲಿನಿಕ್ಕಿನ ಕಂಪ್ರೆಸರ್, ಸಕ್ಷನ್ ಕೆಲಸದ ದಿನಚರಿ

ಮೇ, ಕೊನೆಯ ವಾರ

ಮಳೆ ಹಿಡಿಯುವ ಮೊದಲು ಕಂಪ್ರೆಸರ್ ಒತ್ತಿದ ಗಾಳಿಯ ಲೈನನ್ನೂ, ಬಾಯಿಯ ಉಗುಳು ನೀರು ಎಳೆಯುವ ಸಕ್ಷನ್ನನ್ನೂ ಒಂದು ದಾರಿಗೆ ತರಬೇಕು. ನಮ್ಮದು ಎರಡು ಚೇರ್‌ಗಳ ಸಣ್ಣ ಹಲ್ಲಿನ ಕ್ಲಿನಿಕ್ಕು. ಕಳೆದ ಮಳೆಗಾಲವಿಡೀ ಬಾಯಿಗೆ ಗಾಳಿ, ನೀರು ಬಿಡುವ ತ್ರೀ-ವೇ ಸಿರಿಂಜ್‌ನ ಗಾಳಿ ಒತ್ತಿದರೆ ಮೊದಲು ಬರುತ್ತಿದ್ದದ್ದು ತುಂತುರು ನೀರು. ಎಚಿಂಗ್ ಮಾಡಿ (ಆಮ್ಲ ಹಚ್ಚಿ ಮೇಲ್ಮೈ ಒರಟಾಗಿಸಿ) ತೊಳೆದ ಹಲ್ಲನ್ನು ಒಣಗಿಸಬೇಕಾದ ಗಾಳಿಯೇ ಒದ್ದೆಯಾಗಿದ್ದರೆ ಹಲ್ಲಿನ ಬಣ್ಣದ ಕಂಪೋಸಿಟ್ ಫಿಲ್ಲಿಂಗ್ ಹಿಡಿಯುವುದು ಹೇಗೆ? ಹಲ್ಲು ಕೊರೆಯುವ ಏರೋಟರ್‌ನ ಒಳಗೆ ತಿರುಗುವ ಕಾರ್ಟ್ರಿಜ್‌ಗಳೂ ಅವಧಿಗೆ ಮುಂಚೆಯೇ ಕೂಗಲು ಶುರು ಮಾಡುತ್ತಿದ್ದವು. ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಬೇರಿಂಗ್‌ಗೆ ಟ್ಯಾಂಕಿನ ತುಕ್ಕುನೀರು ಕುಡಿಸಿದರೆ ಇನ್ನೇನಾದೀತು.

ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲು ತೆಗೆದು ನೋಡಿದಾಗ ಕಂಡದ್ದು ನೀರಿಗಿಂತ ಕೆಟ್ಟದ್ದು. ಕಂಪ್ರೆಸರ್ ಪಕ್ಕದಲ್ಲೇ ಸಕ್ಷನ್ ಮೋಟಾರ್. ಅದು ಹೊರಬಿಡುವ ಗಾಳಿಗೂ ಅದೇ ಗೂಡೇ ಗತಿ. ಅಂದರೆ ಒಬ್ಬರ ಬಾಯಿಂದ ಎಳೆದ ಗಾಳಿಯನ್ನು ಕಂಪ್ರೆಸರ್ ಮತ್ತೆ ಉಸಿರಾಡಿ, ಒತ್ತಿ, ಮುಂದಿನವರ ಬಾಯಿಗೆ ಕಳಿಸುತ್ತಿದೆ. ಹಿಂದೆ ಫಿಟ್ಟಿಂಗ್ ಮಾಡಿದವರಿಗೆ ಜಾಗ ಉಳಿದರೆ ಸಾಕಾಗಿತ್ತೋ ಏನೋ. ಹಾಗಾಗಿ ಮೊದಲ ಕೆಲಸವೇ ಇದು: ಸಕ್ಷನ್ ಎಕ್ಸಾಸ್ಟ್‌ಗೆ ಪಿವಿಸಿ ಪೈಪ್ ಹಾಕಿ ಮಾಡಿನ ಮೇಲಕ್ಕೆ ಒಯ್ದು, ಬಾಯಿಯನ್ನು ಕೆಳಮುಖ ತಿರುಗಿಸಿ, ಜಾಲರಿ ಕಟ್ಟಿದ್ದಾಯಿತು. ಕಂಪ್ರೆಸರ್‌ನ ಉಸಿರು ಕಟ್ಟಡದ ಇನ್ನೊಂದು ಬದಿಯ ನೆರಳಿನಿಂದ.

ಜೂನ್, ಮೊದಲ ವಾರ

ಸೋರಿಕೆ ಪರೀಕ್ಷೆ. ಚೇರ್‌ಗಳ ವಾಲ್ವ್ ತೆರೆದೇ ಇಟ್ಟು, ಯಾವ ಹ್ಯಾಂಡ್‌ಪೀಸನ್ನೂ ಮುಟ್ಟದೆ, ಟ್ಯಾಂಕ್ ತುಂಬಿಸಿ, ಸ್ವಿಚ್ ಆಫ್ ಮಾಡಿ ಗೇಜ್ ನೋಡುತ್ತ ಕೂತೆ. 50 ಲೀಟರ್ ಟ್ಯಾಂಕು, 20 ನಿಮಿಷಕ್ಕೆ ಒತ್ತಡ ಒಂದು ಬಾರ್ ಇಳಿಯಿತು. ಲೆಕ್ಕ ಸುಲಭ: ನಿಮಿಷಕ್ಕೆ ಎರಡೂವರೆ ಲೀಟರ್ ಗಾಳಿ ಪೋಲು. ಸೋಪಿನ ನೀರು ಹಚ್ಚಿದರೆ ಎರಡನೇ ಚೇರ್‌ನ ಬುಡದ ಪುಷ್ ಕನೆಕ್ಟರ್‌ನಲ್ಲಿ ಗುಳ್ಳೆ. ಪಿಯು (ಪಾಲಿಯುರೆಥೇನ್) ಟ್ಯೂಬಿನ ತುದಿಯನ್ನು ಓರೆಯಾಗಿ ಕತ್ತರಿಸಿದ್ದರು. ನೇರ ಕತ್ತರಿಸಿ ತೂರಿಸಿದೆ, ನಿಂತಿತು.

ಜೂನ್, ನಡು

ಮಳೆ ಬಂತು, ನೀರೂ ಬಂತು. ಟ್ಯಾಂಕಿನ ಡ್ರೈನ್ ವಾಲ್ವ್ ತಿರುಗಿಸಿದ ನಮ್ಮ ಅಸಿಸ್ಟೆಂಟ್ ಅಕ್ಕ, "ಎಂತ ಡಾಕ್ಟ್ರೇ, ಇಷ್ಟು ನೀರು ಎಲ್ಲಿಂದ ಬರ್ತದೆ?" ಅಂದರು. ಒಳ್ಳೆಯ ಪ್ರಶ್ನೆ, ಕಾಗದ ತೆಗೆದು ಲೆಕ್ಕ ಹಾಕಿದೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. ತೇವಾಂಶ 80 ಪರ್ಸೆಂಟ್ ಇದ್ದರೆ 24 ಗ್ರಾಂ. ಗೇಜ್ 7 ಬಾರ್ ತೋರಿಸಬೇಕಾದರೆ, ಹೊರಗಿನ ಗಾಳಿಯ ಒಂದು ಬಾರನ್ನೂ ಸೇರಿಸಿ, ಅಂಥ ಎಂಟು ಘನ ಮೀಟರನ್ನು ಒಂದಕ್ಕೆ ಒತ್ತಬೇಕು. ಒಳಬಂದ ನೀರು 190 ಗ್ರಾಂ ದಾಟಿತು. ಒತ್ತಿದ ಗಾಳಿ ತಣಿದು ಮತ್ತೆ 30 ಡಿಗ್ರಿಗೆ ಬಂದಾಗ ಹಿಡಿಯುವುದು ಅದೇ 30 ಗ್ರಾಂ. ಉಳಿದ 160 ಗ್ರಾಂ ನೀರಾಗಿ ಎಲ್ಲಾದರೂ ಇಳಿಯಲೇಬೇಕು.

ಎಲ್ಲಿ ಇಳಿಯುತ್ತದೆ ಅನ್ನುವುದರಲ್ಲೇ ಇಡೀ ತೊಂದರೆ. ಟ್ಯಾಂಕಿನಲ್ಲೇ ಪೂರ್ತಿ ಇಳಿದರೆ ಡ್ರೈನ್ ಮಾಡಿ ಮುಗಿಸಬಹುದಿತ್ತು. ಆದರೆ ಟ್ಯಾಂಕಿನಿಂದ ಹೊರಟ ಗಾಳಿ ಆ ಉಷ್ಣತೆಯಲ್ಲಿ ತುಂಬಿ ತುಳುಕುವಷ್ಟು ಆವಿ ಹೊತ್ತಿರುತ್ತದೆ. ಹೊರಗೆ 30 ಡಿಗ್ರಿ, ಒಳಗೆ ಏಸಿ 24ಕ್ಕೆ. 24 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 22 ಗ್ರಾಂ ಮಾತ್ರ. ಪೈಪು ಗೋಡೆ ದಾಟಿ ಏಸಿ ರೂಮಿಗೆ ಬಂದ ಕೂಡಲೇ ಘನ ಮೀಟರಿಗೆ 8 ಗ್ರಾಂ ನೀರು ಪೈಪಿನೊಳಗೇ ಬೀಳುತ್ತದೆ, ಟ್ಯಾಂಕಿನಾಚೆ, ಚೇರ್‌ನ ಬಾಗಿಲಲ್ಲಿ. ದಿನಕ್ಕೆರಡು ಸಲ ಡ್ರೈನ್ ಮಾಡಿದರೂ ಸಿರಿಂಜ್ ಉಗುಳುತ್ತಿದ್ದದ್ದು ಇದಕ್ಕೇ. ಟ್ಯಾಂಕನ್ನು ಏಸಿ ರೂಮಿನೊಳಗೆ ಇಡಬಹುದು, ಆದರೆ ಆ ಸದ್ದಿನ ಜೊತೆ ಮಕ್ಕಳ ಹಲ್ಲು ಕೀಳುವುದು ನನ್ನಿಂದಾಗದು.

ಜೂನ್, ಕೊನೆ

ಡ್ರೈಯರ್ ಆಯ್ಕೆ. ಫ್ರಿಜ್ ತರಹದ್ದು ಗಾಳಿಯನ್ನು 3 ಡಿಗ್ರಿಯವರೆಗೆ ತಣಿಸಿ ನೀರು ಇಳಿಸುತ್ತದೆ. ನಮ್ಮ ಲೈನಿಗೆ ಅದೂ ಸಾಕೇನೋ. ನೀರಾವಿ ಹೀರುವ ಕಾಳು ತುಂಬಿದ ಅಡ್ಸಾರ್ಪ್ಶನ್ ಡ್ರೈಯರ್ ಇನ್ನೂ ತುಂಬಾ ಕೆಳಗಿನ ಡ್ಯೂ ಪಾಯಿಂಟ್ (ಆವಿ ನೀರಾಗಿ ಇಳಿಯಲು ಶುರುವಾಗುವ ಉಷ್ಣತೆ) ಕೊಡುತ್ತದೆ, ಆದರೆ ಬಿಸಿ ಮಾಡದ ಬಗೆಯದ್ದು ತನ್ನ ಕಾಳುಗಳನ್ನು ಒಣಗಿಸಿಕೊಳ್ಳಲು ಒಣಗಿದ ಗಾಳಿಯಲ್ಲೇ ಸುಮಾರು 15 ಪರ್ಸೆಂಟ್ ತಿನ್ನುತ್ತದೆ. ನಾನು ಎರಡನೆಯದನ್ನೇ ಆರಿಸಿದೆ. ಅದಕ್ಕೆ ಮುಂಚೆ ಫ್ಯಾನ್ ಇರುವ ತಾಮ್ರದ ಕಾಯಿಲ್, ನೀರು ಹಿಡಿಯುವ ಬೌಲ್, ಆಟೋ ಡ್ರೈನ್. ಈ ಕ್ರಮ ತಪ್ಪಿಸಬಾರದು: ಕಾಳಿಗೆ ನೇರ ನೀರು ಬಿದ್ದರೆ ಅದು ಪುಡಿಯಾಗಿ ಲೈನಿಗೆ ಹೋಗುತ್ತದೆ. ಕೊನೆಯಲ್ಲಿ 0.01 ಮೈಕ್ರಾನ್ ಫಿಲ್ಟರ್.

ಹಾರ್ಡ್‌ವೇರ್ ಅಂಗಡಿಯಲ್ಲಿ ಫಿಲ್ಟರ್ ಕೇಳಿದರೆ ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್ ಮೂರೂ ಸೇರಿದ ಎಫ್‌ಆರ್‌ಎಲ್ ಕೊಡುತ್ತಾರೆ. ಆ ಕೊನೆಯ ಎಲ್ ಅಂದರೆ ಗಾಳಿಗೆ ಎಣ್ಣೆ ಬೆರೆಸುವ ಬಟ್ಟಲು. ಕಾರ್ಖಾನೆಗೆ ಬೇಕು, ನಮಗೆ ಅದೇ ವಿಷ. ಆಯಿಲ್-ಫ್ರೀ ಕಂಪ್ರೆಸರ್‌ಗೆ ದುಡ್ಡು ಸುರಿದು ಆಮೇಲೆ ಎಣ್ಣೆ ಬಟ್ಟಲು ಜೋಡಿಸಿದ ಕ್ಲಿನಿಕ್ಕನ್ನು ನಾನೇ ನೋಡಿದ್ದೇನೆ.

ಜುಲೈ

ಸಕ್ಷನ್. ಒಂದನೇ ಚೇರ್‌ನಲ್ಲಿದ್ದದ್ದು ವೆಂಚುರಿ: ಒತ್ತಿದ ಗಾಳಿಯನ್ನೇ ಸಣ್ಣ ತೂತಿನಿಂದ ಹಾಯಿಸಿ ಎಳೆತ ಹುಟ್ಟಿಸುವುದು. ಅಗ್ಗ, ಆದರೆ ಕಷ್ಟಪಟ್ಟು ಒಣಗಿಸಿದ ಗಾಳಿ ಉಗುಳು ಎಳೆಯಲು ಖರ್ಚು. ಅದನ್ನು ಬಿಡಿಸಿ ಎರಡೂ ಚೇರ್‌ಗಳನ್ನು ಮೋಟಾರ್ ಸಕ್ಷನ್‌ಗೇ ಸೇರಿಸಿದೆ. ಕಂಪ್ರೆಸರ್ ಈಗ ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತದೆ, ತಣ್ಣಗಿರುತ್ತದೆ.

ವಾಸನೆಯ ಮೂಲ ಹೋಸ್‌ಗಳು. ಕತ್ತರಿಸಿ ನೋಡಿದರೆ ಒಳಗೋಡೆಯಲ್ಲಿ ರಕ್ತ, ಪಾಲಿಶಿಂಗ್ ಪೇಸ್ಟ್ ಸೇರಿ ಕಟ್ಟಿದ ಪದರ. ಬಿಸಿನೀರು ಹಾಕಿದರೆ ಹೋದೀತು ಅನಿಸುತ್ತದೆ. ಬಿಸಿಗೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ಇನ್ನೂ ಅಂಟುತ್ತದೆ. ಹಾಗಾಗಿ ಪ್ರತಿ ರೋಗಿಯ ನಂತರ ಒಂದು ಲೋಟ ತಣ್ಣೀರು, ಟಿಪ್ಪನ್ನು ಅದ್ದಿ ಎತ್ತಿ ನಡುನಡುವೆ ಗಾಳಿಯನ್ನೂ ಎಳೆಸುತ್ತ. ಗಾಳಿ ನೀರು ಕಲಸಿ ಓಡಿದಾಗಲೇ ಗೋಡೆ ಉಜ್ಜಿದಂತಾಗುವುದು. ಸಂಜೆ ಸಕ್ಷನ್‌ಗೆಂದೇ ಮಾಡಿದ, ನೊರೆ ಬಾರದ ಕ್ಲೀನರ್, ರಾತ್ರಿಯಿಡೀ ಒಳಗೇ. ಸೋಪಿನಪುಡಿ, ಫಿನಾಯಿಲ್ ಬೇಡ. ನೊರೆ ನೀರು ಬೇರ್ಪಡಿಸುವ ಬಾಟಲಿಯನ್ನು ದಾಟಿ ಮೋಟಾರಿಗೆ ಏರುತ್ತದೆ. ಬ್ಲೀಚ್ ಅಂತೂ ಬೇಡವೇ ಬೇಡ: ಲೋಹ ತಿನ್ನುವುದಲ್ಲದೆ, ಬಾಟಲಿಯಡಿ ಕೂತ ಅಮಾಲ್ಗಂ (ಪಾದರಸ ಬೆರೆತ ಲೋಹದ ಫಿಲ್ಲಿಂಗ್) ಚೂರುಗಳಿಂದ ಪಾದರಸ ಕರಗಿ ಚರಂಡಿಗೆ ಹೋಗುತ್ತದೆ. ನಾನು ಅಮಾಲ್ಗಂ ತುಂಬುವುದನ್ನು ಬಿಟ್ಟಾಗಿದೆ, ಆದರೆ ಹಳೆಯದನ್ನು ತೆಗೆಯುವುದು ಈಗಲೂ ಇದೆ.

ಇನ್ನೊಂದು ಅಭ್ಯಾಸ ನಿಲ್ಲಿಸಿದೆವು. ಉಗುಳು ಎಳೆಯುವ ಸಣ್ಣ ಪೈಪನ್ನು, ಅಂದರೆ ಸೆಲೈವಾ ಇಜೆಕ್ಟರ್, ಇಟ್ಟು "ಬಾಯಿ ಮುಚ್ಚಿ" ಅನ್ನುವುದು. ತುಟಿ ಬಿಗಿದರೆ ಪೈಪಿನಲ್ಲಿದ್ದದ್ದು ಹಿಂದಕ್ಕೆ ಬಾಯಿಗೇ ಬರಬಹುದು.

ಆಗಸ್ಟ್

ಕನ್ನಡಿಗೆ, ಬಿಳಿ ಟಿಶ್ಯೂಗೆ ಸಿರಿಂಜ್ ಗಾಳಿ ಊದಿ ನೋಡುವುದು ಈಗ ಬೆಳಗಿನ ಕ್ರಮ. ಹನಿ ಇಲ್ಲ, ಎಣ್ಣೆಯ ಕಲೆ ಇಲ್ಲ. ಡ್ರೈನ್ ರಿಜಿಸ್ಟರ್ ಅಕ್ಕನ ಕೈಯಲ್ಲಿದೆ. ಆಟೋ ಡ್ರೈನ್ ಇದ್ದರೂ ವಾಲ್ವ್ ತಿರುಗಿಸಿ ನೋಡದೆ ಅವರು ಸಹಿ ಹಾಕುವುದಿಲ್ಲ. ಬಾಕಿ ಉಳಿದದ್ದು ಎರಡು: ಟ್ಯಾಂಕಿನ ಒಳಗೋಡೆಗೆ ಲೇಪ ಇದೆಯೋ ಬರೀ ಕಬ್ಬಿಣವೋ ಬಿಚ್ಚಿಸಿ ನೋಡಬೇಕು, ಬರೀ ಕಬ್ಬಿಣವಾದರೆ ಬದಲಿಸಬೇಕು. ಮತ್ತೆ ಅಮಾಲ್ಗಂ ಚೂರುಗಳನ್ನು ಚರಂಡಿಗೆ ಬಿಡದೆ ಹಿಡಿಯುವ ಅಮಾಲ್ಗಂ ಸೆಪರೇಟರ್. ಅದರ ಕೊಟೇಶನ್ ಕೇಳಿದ್ದೇನೆ, ಬಂದ ಮೇಲೆ ಬರೆಯುತ್ತೇನೆ.