12 ವರ್ಷ, 12 ದಿನ

ಕಾರವಾರದಲ್ಲಿ ನಿನ್ನೆಯಿಂದ ಬಿಡದ ಮಳೆ. ಬೀಚ್ ಕಡೆ ಹೋಗುವ ಹಾಗಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಸುಮ್ನೆ ಕಂಬಳಿ ಹೊದ್ದುಕೊಂಡು ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ಮತ್ತೆ ನೋಡಿದೆ. 1989ರ ಸಿನಿಮಾ. ಅದರಲ್ಲಿ ಇಬ್ಬರೂ ಮಾತಾಡುತ್ತಾರೆ, ಜಗಳಾಡುತ್ತಾರೆ, ಬೇರೆಯವರನ್ನು ಪ್ರೀತಿಸುತ್ತಾರೆ, ಕೊನೆಗೆ ಇದೇ ಪ್ರೀತಿ ಅಂತ ಗೊತ್ತಾಗಲು 12 ವರ್ಷ ಬೇಕಾಗುತ್ತದೆ. ನನಗೆ ಸೋದರಮಾವ ಕೊಟ್ಟಿರುವುದು 12 ದಿನ!

ಹುಡುಗ ಒಳ್ಳೆಯವನೇ. ಜಾತಕ ಕೂಡಿದೆ. ಅಪ್ಪೆಹುಳಿಯನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದ, ಅದಕ್ಕೆ ನನ್ನ ಕಡೆಯಿಂದ ಜಾಸ್ತಿ ಮಾರ್ಕ್ಸು. ಆದರೆ ಅವನ ಕೆಲಸ ಪುಣೆಯಲ್ಲಿ, ನನ್ನದು ಇಲ್ಲಿ, ಮತ್ತೆ ಈ ‘ಆದರೆ’ ಅನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಕೇಳುವುದಿಲ್ಲ.

ಆ ಸಿನಿಮಾದಲ್ಲಿ ಹ್ಯಾರಿ, ಸ್ಯಾಲಿ ಮೊದಲು ಒಂದಾಗುವುದೇ ಇರಲಿಲ್ಲವಂತೆ. ಚಿತ್ರ ಮಾಡುವಾಗಲೇ ನಿರ್ದೇಶಕ ರಾಬ್ ರೈನರ್‌ಗೆ ಮುಂದೆ ಮದುವೆಯಾಗುವ ಹುಡುಗಿ ಸಿಕ್ಕಿದಳು, ಕ್ಲೈಮ್ಯಾಕ್ಸ್ ಬದಲಾಯಿತು. ಕಥೆ ಮಾಡುವವನಿಗೇ ಕೊನೆ ಗೊತ್ತಿರಲಿಲ್ಲ, ಇನ್ನು ನಮಗೆ ಹೇಗೆ ಗೊತ್ತಾಗಬೇಕು, ಅಲ್ವಾ? ನಮ್ಮ ‘ಮುಂಗಾರು ಮಳೆ’ಯಲ್ಲಂತೂ 2006ರಲ್ಲೇ ಇಬ್ಬರೂ ಸೇರಲಿಲ್ಲ, ಜನ ಅತ್ತುಕೊಂಡೇ ಮತ್ತೆ ಮತ್ತೆ ಹೋಗಿ ನೋಡಿದರು.

ಈಗಷ್ಟೇ ಶಿರಸಿಯಿಂದ ಅಮ್ಮನ ಫೋನು. “ಎಂತಾತೇ ತಂಗಿ?”

ಮಳೆ ಜೋರು ಅಂದೆ.