ಕಾಡಿನ ಮಾಹಿತಿ ಕನ್ನಡದಲ್ಲಿ: ಕೆಲಸ ಎಲ್ಲಿಗೆ ಬಂತು

ಕಾಸರಗೋಡು ಜಿಲ್ಲೆಯ ಕಾರಡ್ಕ, ದೇಲಂಪಾಡಿ, ಬದಿಯಡ್ಕ ಕಡೆಯ ಮನೆಗಳಿಗೆ ಕೇರಳ ಅರಣ್ಯ ಇಲಾಖೆಯ ಮಾಹಿತಿಯನ್ನು ಕನ್ನಡದಲ್ಲೂ ತುಳುವಿನಲ್ಲೂ ಮುಟ್ಟಿಸುವ ನಮ್ಮ ಕೆಲಸ ಮಳೆಗಾಲಕ್ಕೆ ಮುಂಚೆ ಒಂದು ಹದಕ್ಕೆ ಬಂದಿದೆ. ಬೆಳೆ ಹಾನಿಯ ಹಾಳೆ, ಹಾವಿನ ಹಾಳೆ ಎರಡೂ ತಯಾರು. ಅವುಗಳ ಆಡಿಯೋ ಕೂಡ ಆಗಿದೆ. ಆನೆಯ ಹಾಳೆಯನ್ನು ಮಾತ್ರ ಬುಡದಿಂದ ಹೊಸದಾಗಿ ಬರೆಯುತ್ತಿದ್ದೇವೆ.

ಹೊಸದಾಗಿ ಓದುವವರಿಗೆ ಒಂದೆರಡು ಮಾತು. 1956ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಲ್ಲಿತ್ತು, ಆಮೇಲೆ ಕೇರಳಕ್ಕೆ ಸೇರಿತು. ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಹಿರಿಯರಿಗೆ ಮಲಯಾಳ ಕೇಳಿದರೆ ತಿಳಿಯುತ್ತದೆ, ಓದಲಿಕ್ಕೆ ಬರುವುದಿಲ್ಲ. ಗೋಡೆಯಲ್ಲಿ ಆನೆಯ ಎಚ್ಚರಿಕೆ ಅಂಟಿಸಿದ್ದರೂ ಅವರು ಇನ್ನೊಬ್ಬರ ಹತ್ತಿರ ಕೇಳಿಯೇ ತಿಳಿಯಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಇಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಹಾಗಾಗಿ ನಮ್ಮ ಮನವಿಯನ್ನೂ ಕನ್ನಡದಲ್ಲೇ ಕೊಟ್ಟೆವು. ಇಲಾಖೆಯವರು ಕೂತು ಪ್ರತಿ ಸಾಲನ್ನೂ ಕೇಳಿ, ತಿದ್ದಿಸಿ, ಒಪ್ಪಿಗೆ ಕೊಟ್ಟರು. ಅವರಿಗೂ ಇದು ಬೇಕಾಗಿತ್ತು.

ಬೆಳೆ ಹಾನಿಯ ಹಾಳೆಯನ್ನು ಹಾಲಿನ ಸೊಸೈಟಿಯಲ್ಲಿ ಅಂಟಿಸಿದ್ದೇವೆ. ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಓದಿಯೇ ಓದುತ್ತಾರೆ. ಹಂದಿ ಬಾಳೆ ಬುಡ ಅಗೆದು ಹಾಕಿದರೆ ಮೊದಲು ಫೋಟೋ ತೆಗೆಯಿರಿ, ಆಮೇಲೆ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಪರಿಹಾರಕ್ಕೆ ಅರ್ಜಿ ಹಾಕಿ, ಇಷ್ಟೇ ಅದರಲ್ಲಿರುವುದು. ಉಪದ್ರ ಕೊಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ 2022ರಿಂದ ಪಂಚಾಯತು ಅಧ್ಯಕ್ಷರಿಗೂ ಉಂಟು ಎನ್ನುವುದು ಹಲವರಿಗೆ ಹೊಸ ಸುದ್ದಿ.

ಹಾವಿನ ಹಾಳೆಗೆ ಇಲಾಖೆ 2020ರಲ್ಲಿ ತಂದ ಸರ್ಪ ಆ್ಯಪ್ ಆಧಾರ. ತರಬೇತಿ ಪಡೆದ ಹಾವು ಹಿಡಿಯುವವರ ನಂಬರು ಅದರಲ್ಲಿ ಸಿಗುತ್ತದೆ. ಆದರೆ ಬಟನ್ ಫೋನ್ ಇರುವ ಮನೆಗೆ ಆ್ಯಪ್ ಹೇಳಿ ಏನು ಪ್ರಯೋಜನ? ಹಾಳೆಯ ಕೆಳಗೆ ಜಾಗ ಬಿಟ್ಟು, ಆಯಾ ಊರಿನವರ ನಂಬರನ್ನು ಪೆನ್ನಿನಲ್ಲಿ ದಪ್ಪಕ್ಕೆ ಬರೆದು ಕೊಡುತ್ತಿದ್ದೇವೆ.

ಇನ್ನು ಆನೆಯ ಹಾಳೆ. ಮೊದಲ ಕರಡನ್ನು ಪರಿಶಿಷ್ಟ ಪಂಗಡದವರಾದ ಕೊರಗರ ಮನೆಗಳಿರುವ ಕಡೆ ಓದಿ ಹೇಳಿದೆವು. ಬುಟ್ಟಿ ಹೆಣೆಯುತ್ತಿದ್ದ ಅಕ್ಕ ಒಬ್ಬರು ಕೈ ನಿಲ್ಲಿಸದೆ ಪೂರ್ತಿ ಕೇಳಿದರು. ಕೊನೆಗೆ ಬಳ್ಳಿಯ ತುದಿಯನ್ನು ಕಾಲಬೆರಳಲ್ಲಿ ಒತ್ತಿ ಹಿಡಿದು, "ಇದು ತೋಟ ಇರುವವರಿಗೆ ಆಯ್ತು. ನಮಗೆ ತೋಟ ಎಲ್ಲಿ ಉಂಟು? ಬಳ್ಳಿ ತರ್ಲಿಕ್ಕೆ ಕಾಡಿಗೆ ಹೋದಾಗ ಆನೆ ಎದುರು ಬಂದ್ರೆ ಎಂತ ಮಾಡುವುದು, ಅದನ್ನು ಹೇಳಿ" ಎಂದರು.

ನಮ್ಮ ಕರಡಿನಲ್ಲಿ ಇದ್ದದ್ದು ಬೇಲಿ, ಅಡಿಕೆ, ಬಾಳೆ. ಕಾಡಿನೊಳಗೆ ದಿನಾ ನಡೆಯುವವರಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ನಿಯಮ ನೋಡಿದರೆ ಅವರಿಗೆ ಬೇಕಾದದ್ದು ಇದೆ. ಕಾಡುಪ್ರಾಣಿ ದಾಳಿಯಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ ರೂಪಾಯಿ. ಗಾಯವಾದರೆ ಚಿಕಿತ್ಸೆಯ ಖರ್ಚಿಗೆ ಮಿತಿ ಉಂಟು, ಪರಿಶಿಷ್ಟ ಪಂಗಡದವರಿಗೆ ಮಾತ್ರ ಆ ಮಿತಿ ಇಲ್ಲ. ಈ ಮಾತನ್ನು ಆ ಅಂಗಳದಲ್ಲಿ ಯಾರೂ ಕೇಳಿರಲಿಲ್ಲ. ನನಗೆ ತುಂಬ ಬೇಸರವಾಯಿತು. ಅವರಿಗೆಂದೇ ಇರುವ ಸೌಲಭ್ಯ ಅವರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿದ್ದರೆ ಹೇಗೆ?

ಹೊಸ ಹಾಳೆ ಅಲ್ಲಿಂದಲೇ ಶುರುವಾಗುತ್ತದೆ. ಆನೆ ಯಾವ ಹೊತ್ತಿಗೆ, ಯಾವ ತೋಡು ದಾಟಿ ಬರುತ್ತದೆ ಎನ್ನುವುದನ್ನು ಅಕ್ಕ ಮತ್ತು ಅವರ ತಮ್ಮ ಹೇಳಿದರು, ನಾವು ಬರೆದುಕೊಂಡೆವು. ಅವರ ಒಪ್ಪಿಗೆ ಪಡೆದು ಅದನ್ನು ಇಲಾಖೆಗೂ ಕೊಟ್ಟಿದ್ದೇವೆ. ಮಾಹಿತಿ ಎರಡೂ ಕಡೆ ಹರಿಯಬೇಕು, ಅಲ್ವಾ? ಚಂದ್ರಗಿರಿ ಹೊಳೆಯ ದೈತ್ಯ ಆಮೆಯ ವಿಷಯದಲ್ಲಿ ಆದದ್ದೂ ಹಾಗೆಯೇ. ಸಂಶೋಧಕಿ ಆಯುಷಿ ಜೈನ್ ಹೊಳೆ ಬದಿಯ ಜನರನ್ನು ಕೇಳಿ, ಆಮೆ ಕಂಡರೆ ತಿಳಿಸುವ ಜಾಲ ಕಟ್ಟಿದರು. ಅದರಿಂದ ಆಮೆ ಮೊಟ್ಟೆ ಇಡುವ ಜಾಗ ಗೊತ್ತಾಯಿತು, ನೀರು ನುಗ್ಗಿದ ಗೂಡಿನ ಮೊಟ್ಟೆಗಳನ್ನು ತೆಗೆದು ಮರಿ ಮಾಡಿಸಿ ಹೊಳೆಗೆ ಬಿಟ್ಟರು. 2023ರಲ್ಲಿ ನಮ್ಮ ಜಿಲ್ಲೆ ಇದೇ ಆಮೆಯನ್ನು ತನ್ನ ಅಧಿಕೃತ ಪ್ರಾಣಿಯೆಂದು ಘೋಷಿಸಿತು.

ಆನೆಯ ಆಡಿಯೋವನ್ನು ಕೊರಗ ಭಾಷೆಯಲ್ಲೂ ಮಾಡುತ್ತೇವೆ. ಅಕ್ಕನ ಮೊಮ್ಮಗಳು ಓದಲು ಒಪ್ಪಿದ್ದಾಳೆ, ಶಾಲೆಗೆ ರಜೆ ಸಿಕ್ಕ ಕೂಡಲೇ ರೆಕಾರ್ಡಿಂಗ್. ಮರಾಟಿ ಮಾತಾಡುವ ಮನೆಗಳಿಗೂ ಒಂದು ಬೇಕು. ಮುಳ್ಳೇರಿಯ, ಆದೂರು ಕಡೆ ಸ್ಪಷ್ಟವಾಗಿ ಓದುವವರು ಇದ್ದರೆ ತಿಳಿಸಿ. ಮೈಕು, ಫೋನು ನಾವೇ ತರುತ್ತೇವೆ. ಮನೆಯಲ್ಲಿ ಗದ್ದಲ ಇಲ್ಲದ ಹೊತ್ತು ಹೇಳಿದರೆ ಸಾಕು.