ಹಸಿರು ತ್ರಿಕೋನ ಇದ್ದರೆ ಕಣ್ಣಿಗೆ ಬಿದ್ದರೂ ಪರವಾಗಿಲ್ಲವೇ?

ಮುಂಗಾರಿಗೆ ಮುಂಚಿನ ಸ್ಪ್ರೇ ಕೆಲಸ ನಡೆಯುವ ದಿನಗಳಲ್ಲಿ ನಾನು ಊರಿಗೆ ಬಂದರೆ, ಕೊಡಗಿನ ಸುಂಟಿಕೊಪ್ಪದ ಸುತ್ತಲಿನ ಕಾಫಿ ಬೆಳೆಗಾರರು ತಪ್ಪದೆ ಕೇಳುವ ಪ್ರಶ್ನೆ ಇದು: "ಕೀಟನಾಶಕದ ಡಬ್ಬದ ಮೇಲೆ ಹಸಿರು ತ್ರಿಕೋನ ಇದೆಯಲ್ಲ, ಕಣ್ಣಿಗೆ ಸಿಡಿದರೂ ಏನೂ ಆಗುವುದಿಲ್ಲ ಅಲ್ಲವೇ?" ರಾಸಾಯನಿಕಗಳ ಸುರಕ್ಷತೆಯನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹಲವು ವರ್ಷ ದುಡಿದವನು ನಾನು. ಆ ತ್ರಿಕೋನವನ್ನು ನೋಡಿ ಕಣ್ಣಿನ ವಿಷಯ ತೀರ್ಮಾನಿಸಬಾರದು ಎಂಬುದೇ ನನ್ನ ಉತ್ತರ.

ನಮ್ಮ ದೇಶದ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ನಿರ್ಧಾರವಾಗುವುದು ಪದಾರ್ಥ ಹೊಟ್ಟೆಗೆ ಹೋದರೆ ಅಥವಾ ಚರ್ಮದ ಮೂಲಕ ಒಳಸೇರಿದರೆ ಎಷ್ಟು ಮಾರಕ ಎಂಬುದರ ಮೇಲೆ. ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹದ ತೂಕದ ಪ್ರತಿ ಕಿಲೋಗೆ ಎಷ್ಟು ಮಿಲಿಗ್ರಾಂ ತಿನ್ನಿಸಬೇಕಾಯಿತು ಎಂದು ಲೆಕ್ಕ ಹಾಕಿ, ಅದು 50ರೊಳಗಿದ್ದರೆ ಕೆಂಪು, 5,000 ದಾಟಿದರೆ ಹಸಿರು ಎಂದು ವಿಂಗಡಿಸುತ್ತಾರೆ. ಕಣ್ಣು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಸುಣ್ಣವನ್ನೇ ನೋಡಿ. ವೀಳ್ಯದೆಲೆಗೆ ಹಚ್ಚಿ ಬಾಯಿಗೆ ಹಾಕಿಕೊಳ್ಳುವ ಈ ಪದಾರ್ಥವನ್ನು ಯಾರೂ ವಿಷವೆನ್ನುವುದಿಲ್ಲ, ಅದರ ಚೀಲದ ಮೇಲೆ ಯಾವ ತ್ರಿಕೋನವೂ ಇರುವುದಿಲ್ಲ. ಆದರೆ ಎಲೆ ತುಕ್ಕು ರೋಗಕ್ಕೆ ಸುಣ್ಣ, ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ, ಬಿಳಿ ಕಾಂಡಕೊರಕ ಹುಳುವಿಗೆಂದು ಅರೇಬಿಕಾ ಕಾಫಿ ಗಿಡಗಳ ಕಾಂಡಕ್ಕೆ ಬಳಿಯುವಾಗ, ಒಂದು ಹನಿ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯನ್ನೇ ಕಳೆಯಬಲ್ಲದು. ಆಮ್ಲ ತಗುಲಿದಾಗ ಕಣ್ಣಿನ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ ಸ್ವಲ್ಪಮಟ್ಟಿಗೆ ತಡೆಯಾಗಿ ನಿಲ್ಲುತ್ತದೆ. ಸುಣ್ಣದಂಥ ಕ್ಷಾರವಾದರೋ ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಸಾಬೂನಿನಂತೆ ಕರಗಿಸಿ ಇನ್ನೂ ಒಳಕ್ಕೆ ಇಳಿಯುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ದ್ರಾವಣದ ಇನ್ನೊಂದು ಪಾಲಾದ ಮೈಲುತುತ್ತವೂ ಕಣ್ಣಿಗೆ ಗಂಭೀರ ಹಾನಿ ಮಾಡುವ ವರ್ಗದಲ್ಲೇ ಇದೆ. ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುವುದು ನಮ್ಮ ತೋಟಗಳ ಹಳೆಯ ಕ್ರಮ. ಆ ಪರೀಕ್ಷೆ ಕಾಫಿಯ ಎಲೆ ಸುಡದಿರಲಿ ಎಂದು. ದ್ರಾವಣ ಕದಡುವವನ ಕಣ್ಣಿಗೆ ಬೇರೆಯೇ ಪರೀಕ್ಷೆ ಬೇಕು.

ಆ ಪರೀಕ್ಷೆಯ ಚರಿತ್ರೆ ಹೇಳುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ರೆಪ್ಪೆಗೆ ಹಚ್ಚುವ ಒಂದು ಬಣ್ಣದಿಂದ ಮಹಿಳೆಯರ ಕಣ್ಣು ಹಾಳಾದವು; 1938ರಲ್ಲಿ ಅಲ್ಲಿ ಹೊಸ ಕಾನೂನು ಬರಲು ಅದೂ ಒಂದು ಕಾರಣವಾಯಿತು. 1944ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಜಾನ್ ಡ್ರೇಜ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ಬಿಳಿ ಮೊಲದ ಒಂದು ಕಣ್ಣಿಗೆ 0.1 ಮಿಲಿಲೀಟರ್ ಪದಾರ್ಥ ಹಾಕಿ, ಇನ್ನೊಂದು ಕಣ್ಣನ್ನು ಹೋಲಿಕೆಗೆ ಬಿಟ್ಟು, ಕಾರ್ನಿಯಾಕ್ಕೆ 80, ಕಣ್ಣಿನ ಬಣ್ಣದ ಭಾಗವಾದ ಐರಿಸ್‌ಗೆ 10, ಕಣ್ಣಿನ ಬಿಳಿಭಾಗವನ್ನು ಹೊದ್ದಿರುವ ತೆಳುಪೊರೆಗೆ 20 ಎಂದು ಒಟ್ಟು 110 ಅಂಕಗಳಲ್ಲಿ ಹಾನಿಯನ್ನು ಅಳೆಯುತ್ತಿದ್ದರು. ಈ ಕ್ರಮ ಜಗತ್ತಿಗೆಲ್ಲ ಹರಡಿತು, ಪ್ರಾಣಿಯನ್ನು 21 ದಿನಗಳವರೆಗೂ ಗಮನಿಸುವುದು ರೂಢಿಯಾಯಿತು. ಆದರೆ ಮೊಲದ ಕಣ್ಣು ನಮ್ಮದರಂತಲ್ಲ: ಅದಕ್ಕೆ ಮೂರನೆಯ ರೆಪ್ಪೆ ಇದೆ, ಮೊಲ ನಮಗಿಂತ ಕಡಿಮೆ ಬಾರಿ ಕಣ್ಣು ಮಿಟುಕಿಸುತ್ತದೆ. ಅಂಕ ಕೊಡುವುದು ನೋಡುವವರ ಕಣ್ಣಳತೆ. ಒಂದೇ ಪದಾರ್ಥಕ್ಕೆ ಬೇರೆ ಬೇರೆ ಪ್ರಯೋಗಾಲಯಗಳು ತೀರ ಬೇರೆ ಫಲಿತಾಂಶ ಕೊಡುತ್ತವೆ ಎಂಬುದು 1971ರಲ್ಲೇ ಪ್ರಕಟವಾಗಿತ್ತು.

ಈಗ ಹಾಗೆ ನೇರವಾಗಿ ಮೊಲಕ್ಕೆ ಹೋಗುವಂತಿಲ್ಲ. ಮೊದಲು ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ನೋಡಬೇಕು: 2 ಅಥವಾ ಅದಕ್ಕಿಂತ ಕಡಿಮೆ, 11.5 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಕಣ್ಣಿಗೆ ಗಂಭೀರ ಹಾನಿ ಎಂದೇ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಸುಣ್ಣದ ತಿಳಿನೀರಿನದು ಸುಮಾರು 12.4, ಅದನ್ನರಿಯಲು ಒಂದು ಪ್ರಾಣಿಯನ್ನೂ ನೋಯಿಸಬೇಕಾಗಿಲ್ಲ. ಆಮೇಲೆ, ಕಸಾಯಿಖಾನೆಯಲ್ಲಿ ಆಹಾರಕ್ಕೆಂದು ಕೊಂದ ದನದ ಕಣ್ಣಿನ ಕಾರ್ನಿಯಾವನ್ನು ತಂದು, ಪದಾರ್ಥ ಹಾಕಿದ ಮೇಲೆ ಅದು ಎಷ್ಟು ಮಬ್ಬಾಯಿತು, ಅದರ ಮೂಲಕ ಬಣ್ಣ ಎಷ್ಟು ಸೋರಿತು ಎಂದು ಯಂತ್ರದಿಂದ ಅಳೆಯುವ ವಿಧಾನವಿದೆ. ಪರೀಕ್ಷಾ ಮಾರ್ಗಸೂಚಿಗಳನ್ನು ಹೊರಡಿಸುವ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿ ಇದನ್ನು 2009ರಲ್ಲಿ ಅಂಗೀಕರಿಸಿತು. ಮಾನವ ಜೀವಕೋಶಗಳಿಂದ ಬೆಳೆಸಿದ, ಕಾರ್ನಿಯಾದ ಮೇಲ್ಪದರವನ್ನು ಹೋಲುವ ಅಂಗಾಂಶದ ವಿಧಾನ 2015ರಲ್ಲಿ ಸೇರಿತು. ಇದು ಕಣ್ಣಿಗೆ ಏನೂ ಮಾಡದ ಪದಾರ್ಥಗಳನ್ನು ಗುರುತಿಸಲು ಒಳ್ಳೆಯದು. ತಟ್ಟೆಯಲ್ಲಿರುವ ಅಂಗಾಂಶ 21 ದಿನಗಳಲ್ಲಿ ಗಾಯ ಮಾಯುವುದನ್ನು ತೋರಿಸಲಾರದು ಎಂಬ ಕೊರತೆ ನಿಜ. ಆದ್ದರಿಂದಲೇ ಹಲವು ವಿಧಾನಗಳನ್ನು ಜೋಡಿಸಿ ತೀರ್ಮಾನಿಸುವ ಮಾರ್ಗಸೂಚಿ 2022ರಲ್ಲಿ ಬಂದಿತು.

ಈ ಪರೀಕ್ಷೆಗಳ ಫಲ ಬೆಳೆಗಾರನಿಗೆ ಸಿಗುವುದು ತಯಾರಕರು ಕೊಡುವ ಸುರಕ್ಷತಾ ಮಾಹಿತಿ ಪತ್ರದಲ್ಲಿ. ಅಂತರರಾಷ್ಟ್ರೀಯ ವರ್ಗೀಕರಣದಂತೆ ಕಣ್ಣಿನ ವಿಷಯದಲ್ಲಿ "ವರ್ಗ 1" ಎಂದಿದ್ದರೆ 21 ದಿನಗಳಲ್ಲೂ ಪೂರ್ತಿ ಗುಣವಾಗದ ಹಾನಿ ಎಂದರ್ಥ. "ವರ್ಗ 2" ಎಂದಿದ್ದರೆ ಆ ಅವಧಿಯೊಳಗೆ ಗುಣವಾಗುವ ಕಿರಿಕಿರಿ. ಅಂಗಡಿಯಲ್ಲಿ ಬಣ್ಣದ ಜೊತೆಗೆ ಇದನ್ನೂ ಕೇಳಿ ಓದಿ. ವರ್ಗ 1ರ ಪದಾರ್ಥವಾದರೆ, ಸ್ಪ್ರೇ ಮಾಡುವವರಿಗೆ ಮಾತ್ರವಲ್ಲ, ಪೀಪಾಯಿಯ ಬಳಿ ನಿಂತು ಬೆರೆಸುವವರಿಗೂ ಬದಿ ಮುಚ್ಚಿದ ಕನ್ನಡಕ ಕೊಡಿ. ಬೆರೆಸುವ ಜಾಗದಲ್ಲೇ ಶುದ್ಧ ನೀರು ತುಂಬಿಡಿ. ಸಿಡಿದರೆ ಉಜ್ಜಬಾರದು, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಸುಣ್ಣದ ಕಣಗಳೆಲ್ಲ ಹೋಗುವಂತೆ ಕಡಿಮೆಯೆಂದರೂ 15ರಿಂದ 20 ನಿಮಿಷ ನೀರು ಹಾಯಿಸಿ, ಆಮೇಲೆ ಜೀಪು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದಿಂದ ಮಡಿಕೇರಿಗೆ ತಲುಪುವವರೆಗೆ ಸುಣ್ಣ ಕಾಯುವುದಿಲ್ಲ.